ತರಬೇತಿ ಮುಗಿದ ಮೇಲೆ ತಲೆಯಲ್ಲಿ ಏನು ಉಳಿಯುತ್ತದೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ದೊಡವಾಡದಲ್ಲಿ ಏರ್ಪಡಿಸಿದ್ದ ಸಿಬ್ಬಂದಿ ಮತ್ತು ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಹಳ್ಳಿಯ ಸಹಕಾರಿ ಸಂಘ ಇಪ್ಪತ್ತೈದು ವರ್ಷ ನಡೆದು ಬರುವುದು ಸಣ್ಣ ಮಾತಲ್ಲ. ಮಳೆ ಕೈಕೊಟ್ಟ ವರ್ಷಗಳು ಬಂದವು, ವಸೂಲಿ ನಿಂತ ವರ್ಷಗಳು ಬಂದವು. ಅವನ್ನೆಲ್ಲ ದಾಟಿ ಇವತ್ತು ಈ ಹಂದರದ ಕೆಳಗೆ ಕುಳಿತಿದ್ದೀರಿ. ಶೇರು ಬಂಡವಾಳ ಎಷ್ಟಾಯಿತು, ಠೇವು ಎಷ್ಟು ಬೆಳೆಯಿತು ಎಂಬ ಲೆಕ್ಕವನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದರು. ವರದಿಯಲ್ಲಿ ಬಾರದ ಇನ್ನೊಂದು ಬಂಡವಾಳ ಸಂಘಕ್ಕಿದೆ. ಅದು ಸಿಬ್ಬಂದಿಯವರು ಕಲಿತ ಕೆಲಸ. ಅದು ಹೇಗೆ ತಲೆಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ, ಉಳಿದದ್ದನ್ನು ಅಳೆಯುವುದು ಹೇಗೆ ಎಂಬುದೇ ನನಗೆ ಕೊಟ್ಟ ವಿಷಯ.

ಈಗ ಚಹಾ ಕುಡಿಯುವಾಗ ಹಿರಿಯರೊಬ್ಬರು ಕೇಳಿದರು: "ಏನ್ರೀ ಸಾಹೇಬ್ರ, ಮಿದುಳಿನ ವಿಜ್ಞಾನ ಅಂತ ಕಾಗದದಾಗ ಹಾಕ್ಯಾರ. ಸೊಸೈಟಿಗೂ ಮಿದುಳಿಗೂ ಏನ ಸಂಬಂಧ? ದವಾಖಾನಿ ಕಟ್ಟಸ್ತೀರೇನು?" ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವುದರಲ್ಲಿಯೇ ನನ್ನ ಭಾಷಣ ಮುಗಿಯುತ್ತದೆ.

ಕಲಿಕೆ ನಮ್ಮ ಚಳವಳಿಗೆ ಹೊಸದಲ್ಲ

ಇಂಗ್ಲೆಂಡಿನ ರಾಕ್‌ಡೇಲ್ ಊರಿನ ನೇಕಾರರು ಮತ್ತು ಕುಶಲಕರ್ಮಿಗಳು 1844ರಲ್ಲಿ ಅಂಗಡಿ ತೆರೆದದ್ದು ನಿಮಗೆ ಗೊತ್ತು. ಅವರು ಮುಂದೆ ತಮ್ಮ ಲಾಭದಲ್ಲಿ ಶೇಕಡಾ 2.5ರಷ್ಟನ್ನು ಶಿಕ್ಷಣಕ್ಕೆಂದು ಎತ್ತಿಟ್ಟರು. ಹೊಟ್ಟೆಗೇ ಸಾಲದ ಜನ ಕಲಿಕೆಗೆ ದುಡ್ಡು ಎತ್ತಿಟ್ಟಿದ್ದು ದೊಡ್ಡ ಮಾತು. ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ರೈತರಿಗೆ ಹೊಸದೊಂದು ಪದ್ಧತಿಯನ್ನು ತಿಳಿಸಿ ಹೇಳಿಯೇ ಮುಂದೆ ಹೋಗಬೇಕಾಯಿತು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ತರಬೇತಿ ಮತ್ತು ಮಾಹಿತಿ. ತರಬೇತಿ ಎಂಬುದು ಮೇಲಿನವರು ಮಾಡುವ ಉಪಕಾರವಲ್ಲ, ನಮ್ಮ ತತ್ವದ ಒಂದು ಅಂಗ.

ಈಗ ಅದರ ಅವಸರ ಇನ್ನೂ ಹೆಚ್ಚಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಪತ್ರವನ್ನು ಗಣಕಯಂತ್ರಕ್ಕೆ ತರಲು 2022ರಲ್ಲಿ ಕೇಂದ್ರ ಸರಕಾರ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗ 63,000 ಸಂಘಗಳನ್ನು ಅದರಲ್ಲಿ ಸೇರಿಸಲಾಗಿತ್ತು. ಅಂದರೆ ಅಷ್ಟೂ ಊರುಗಳಲ್ಲಿ ಕಿರ್ದಿ, ಖತಾವಣಿ ಬರೆದು ಕೈ ಪಳಗಿದವರು ಹೊಸದಾಗಿ ಕಲಿಯಲು ಕೂಡಬೇಕು. ಯಂತ್ರ ಲಾರಿಯಲ್ಲಿ ಬರುತ್ತದೆ. ಕಲಿಕೆ ಲಾರಿಯಲ್ಲಿ ಬರುವುದಿಲ್ಲ.

ನಾನು ಮಾಡಿದ ಒಂದು ತಪ್ಪು

ಈ ವಿಷಯ ನನ್ನನ್ನು ಹಿಡಿದುಕೊಂಡದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂದು ತಾಲೂಕಿನ ಸೊಸೈಟಿಗಳ ಸಿಬ್ಬಂದಿಗೆ ಕಂಪ್ಯೂಟರಿನ ಮೇಲೆ ಲೆಕ್ಕ ಇಡುವುದನ್ನು ಕಲಿಸುವ ಎರಡು ದಿನದ ತರಬೇತಿ ನನ್ನ ಪಾಲಿಗೆ ಬಂದಿತ್ತು. ಊರಿನ ಹೆಸರು, ಸಂಘದ ಹೆಸರು ಬೇಡ. ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ನಾನು ಹೇಳಿದೆ, ಪರದೆಯ ಮೇಲೆ ತೋರಿಸಿದೆ, ಅವರು ಬರೆದುಕೊಂಡರು. ಮಧ್ಯಾಹ್ನ ಗೋಧಿ ಹುಗ್ಗಿಯ ಊಟ. ಎರಡನೆಯ ದಿನ ಸಂಜೆ ಅಭಿಪ್ರಾಯದ ಹಾಳೆ ಹಂಚಿದೆವು. ಎಲ್ಲರೂ 'ಅತ್ಯುತ್ತಮ' ಎಂಬಲ್ಲಿ ಗುರುತು ಹಾಕಿದರು. ಪ್ರಮಾಣಪತ್ರ ಹಂಚಿ, ಫೋಟೋ ತೆಗೆಸಿಕೊಂಡು ಹೊರಟೆವು. 'ತರಬೇತಿ ಯಶಸ್ವಿಯಾಯಿತು' ಎಂದು ನಾನು ವರದಿ ಬರೆದೆ.

ಎರಡು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆಂದು ಆ ಕಡೆ ಹೋದಾಗ ಒಂದು ಸೊಸೈಟಿಗೆ ಹೊಕ್ಕೆ. ತರಬೇತಿಗೆ ಬಂದಿದ್ದ ಕಾರ್ಯದರ್ಶಿ ಕುರ್ಚಿಯಲ್ಲಿರಲಿಲ್ಲ. ಹೊಸ ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಹಿರಿಯರು ಹಿಂದಿನ ಗೋದಾಮಿನಲ್ಲಿ ಗೊಬ್ಬರದ ಚೀಲ ಎಣಿಸುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದು ಪೈಸೆ ವ್ಯತ್ಯಾಸ ಬಾರದಂತೆ ಶಿಲ್ಕು ಕೂಡಿಸಿದ ಮನುಷ್ಯ ಅವರು. ಮಂಡಳಿಯವರನ್ನು ಕೇಳಿದರೆ ಠರಾವು ತೋರಿಸಿದರು: ತರಬೇತಿ ಕೊಡಿಸಿದರೂ ಕಲಿಯಲಿಲ್ಲ, ಆದ್ದರಿಂದ ಬದಲಾಯಿಸಲಾಗಿದೆ. ಅದಕ್ಕೆ ಲಗತ್ತಿಸಿದ ಪುರಾವೆ ಯಾವುದು ಗೊತ್ತೇನ್ರಿ? ನಾನು ಸಹಿ ಮಾಡಿದ ಪ್ರಮಾಣಪತ್ರ!

ಆ ಹಿರಿಯರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಸಾಹೇಬ್ರ, ನೀವು ಹೇಳೂ ಮುಂದ ಎಲ್ಲಾ ತಿಳೀತಿತ್ರಿ. ಇಲ್ಲಿ ಬಂದು ಒಬ್ಬಾಂವ ಕುಂತಾಗ ಕೈ ಓಡಲಿಲ್ಲ" ಅಂದರು. ಅಷ್ಟೇ ಮಾತು. ನಾನು ಮಂಡಳಿಯವರ ಹತ್ತಿರ ಮಾತಾಡಿದೆ, ಆದರೆ ಠರಾವು ಆಗಿಹೋಗಿತ್ತು. ನನ್ನಿಂದ ಏನೂ ಮಾಡಲಾಗಲಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ತಿಳಿದದ್ದು ನಿಜ, ಕೈ ಓಡದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ಇದಕ್ಕೆ ಉತ್ತರ ಹುಡುಕುತ್ತ ಮಿದುಳಿನ ಬಗ್ಗೆ ಓದಲು ಶುರು ಮಾಡಿದೆ.

ತಿಳಿಯುವುದು ಬೇರೆ, ಕೈಗೆ ಬರುವುದು ಬೇರೆ

ನಮ್ಮ ತಲೆಯಲ್ಲಿರುವ ಮಿದುಳಿನ ತೂಕ ಹೆಚ್ಚುಕಡಿಮೆ ಒಂದೂಕಾಲು, ಒಂದೂವರೆ ಕಿಲೋ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಜಾಗಗಳಲ್ಲಿ ಬದಲಾವಣೆ ಆಗುವುದೇ ಕಲಿಕೆ. ಹೊಲದ ಬದುವಿನ ಮೇಲೆ ಒಬ್ಬರು ಒಂದು ಸಲ ನಡೆದರೆ ದಾರಿ ಬೀಳುವುದಿಲ್ಲ. ದಿನಾಲೂ ನಡೆದರೆ ಹುಲ್ಲು ಸವೆದು ಕಾಲುದಾರಿ ಬೀಳುತ್ತದೆ. ನಡೆಯುವುದನ್ನು ಬಿಟ್ಟರೆ ಮತ್ತೆ ಹುಲ್ಲು ಬೆಳೆಯುತ್ತದೆ. ಮಿದುಳಿನ ಕಥೆಯೂ ಸುಮಾರು ಹೀಗೆಯೇ.

ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬವನಿದ್ದ. ಅವನಿಗೆ ಮೂರ್ಛೆ ರೋಗ ಬಹಳ ಇತ್ತು. 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸದಾಗಿ ಕಂಡದ್ದು, ಕೇಳಿದ್ದು ಯಾವುದೂ ಅವನಲ್ಲಿ ನಿಲ್ಲಲಿಲ್ಲ. ಈಗ ಮಾತಾಡಿ ಹೊರಗೆ ಹೋಗಿ ಬಂದವರನ್ನು ಮತ್ತೆ ಹೊಸಬರಂತೆ ನೋಡುತ್ತಿದ್ದ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವನಿಗೆ ಒಂದು ಕೆಲಸ ಕೊಟ್ಟರು. ಕೈಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಚಿತ್ರದ ಮೇಲೆ ಗೆರೆ ಎಳೆಯಬೇಕು. ಮೊದಲ ದಿನ ತಪ್ಪೇ ತಪ್ಪು. ಮರುದಿನ ಕಡಿಮೆ, ಮೂರನೆಯ ದಿನ ಇನ್ನೂ ಕಡಿಮೆ. ಆದರೆ ಪ್ರತಿದಿನ ಕೇಳಿದಾಗಲೂ ಇಂಥ ಕೆಲಸ ಮಾಡಿದ ನೆನಪೇ ಅವನಿಗೆ ಇರಲಿಲ್ಲ!

ಇದರಿಂದ ಏನು ಗೊತ್ತಾಯಿತು? ಸಂಗತಿಯನ್ನು ನೆನಪಿಡುವ ಏರ್ಪಾಡು ಒಂದು, ಕೈಗೆ ರೂಢಿ ಕೊಡುವ ಏರ್ಪಾಡು ಇನ್ನೊಂದು. ಒಂದು ತುಂಬಿದರೆ ಇನ್ನೊಂದು ತಾನಾಗಿ ತುಂಬುವುದಿಲ್ಲ. ಎತ್ತಿನ ಗಳೆ ಹೊಡೆಯುವುದನ್ನು ಪುಸ್ತಕ ಓದಿ ಯಾರೂ ಕಲಿತಿಲ್ಲ. ನಾನು ಎರಡು ದಿನ ಆ ಕಾರ್ಯದರ್ಶಿಯ ಕಿವಿಗೆ ಪಾಠ ಹೇಳಿದ್ದೆ, ಅವರ ಬೆರಳಿಗೆ ಹೇಳಿರಲಿಲ್ಲ. ಅವರು ಹೇಳಿದ ಎರಡೂ ಮಾತು ನಿಜವಾಗಿದ್ದವು.

ಒಂದೇ ರಾತ್ರಿ ಸುರಿದ ಮಳೆ

ನಮ್ಮದು ಎರಿ ಭೂಮಿ. ಒಂದೇ ರಾತ್ರಿ ಧೋ ಅಂತ ಸುರಿದರೆ ಏನಾಗುತ್ತದೆ? ನೀರು ಹಳ್ಳಕ್ಕೆ ಹೋಗುತ್ತದೆ, ಹೊಲದ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಅದೇ ಮಳೆ ನಾಲ್ಕು ದಿನ ಬಿಟ್ಟು ಬಿಟ್ಟು ಹದವಾಗಿ ಬಂದರೆ ನೆಲ ಕುಡಿಯುತ್ತದೆ, ಹಿಂಗಾರಿ ಜೋಳಕ್ಕೂ ಕಡಲೆಗೂ ತೇವ ಉಳಿಯುತ್ತದೆ. ಮಿದುಳಿಗೂ ಹೀಗೆಯೇ ಎಂಬುದನ್ನು ಎರಿಕ್ ಕ್ಯಾಂಡೆಲ್ ಮತ್ತು ಅವರ ಸಂಗಡಿಗರು ಒಂದು ಸಮುದ್ರದ ಬಸವನಹುಳುವಿನ ಮೇಲೆ ತೋರಿಸಿದರು. ಅದಕ್ಕೆ ಒಂದೇ ದಿನ 40 ಸಲ ಮುಟ್ಟಿ ಕಲಿಸಿದರೆ ಕಲಿಕೆ ಒಂದು ದಿನ ಉಳಿಯಿತು. ಅದೇ 40 ಸಲವನ್ನು ದಿನಕ್ಕೆ 10ರಂತೆ ನಾಲ್ಕು ದಿನಕ್ಕೆ ಹಂಚಿದರೆ ವಾರಗಟ್ಟಲೆ ಉಳಿಯಿತು. ಶ್ರಮ ಅಷ್ಟೇ, ಖರ್ಚು ಅಷ್ಟೇ, ಹಂಚಿದ ರೀತಿ ಮಾತ್ರ ಬೇರೆ. ಬಹುಕಾಲ ಉಳಿಯುವ ನೆನಪಿಗಾಗಿ ನರಕೋಶಗಳು ಹೊಸ ಜೋಡಣೆಗಳನ್ನೇ ಬೆಳೆಸುತ್ತವೆ, ಅದಕ್ಕೆ ಕಾಲ ಬೇಕು ಎಂದು ಅವರು ಕಂಡುಕೊಂಡರು. ನೆನಪಿನ ಮೇಲಿನ ಇಂಥ ಕೆಲಸಕ್ಕಾಗಿಯೇ ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು.

ಹುಳುವಿನ ಮಾತು ಮನುಷ್ಯನಿಗೆ ಹೇಗೆ ಎಂದು ಕೇಳಬಹುದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪುಸ್ತಕ ಬರೆದರು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ದಿನದಲ್ಲಿಯೇ ಬಹಳಷ್ಟು ಜಾರಿಹೋಗುತ್ತದೆ, ಆಮೇಲೆ ನಿಧಾನವಾಗಿ ಜಾರುತ್ತದೆ, ಅಂತರ ಬಿಟ್ಟು ಕಲಿತರೆ ಹೆಚ್ಚು ಉಳಿಯುತ್ತದೆ ಎಂದು ತೋರಿಸಿದರು. ಇನ್ನೊಂದು ಮಾತು ನಿದ್ದೆಯದು. ಹಗಲು ಕಲಿತದ್ದನ್ನು ನಾವು ಮಲಗಿದಾಗ ಮಿದುಳು ಮತ್ತೆ ತಿರುವಿ ಗಟ್ಟಿ ಮಾಡಿಕೊಳ್ಳುತ್ತದೆ. ಎರಡು ದಿನದ ತರಬೇತಿಯ ನಡುವೆ ಬರುವುದು ಒಂದೇ ರಾತ್ರಿ. ವಾರಕ್ಕೊಂದು ಅರ್ಧ ದಿನದಂತೆ ನಾಲ್ಕು ವಾರ ಮಾಡಿದರೆ, ಕಲಿಸುವ ತಾಸು ಅಷ್ಟೇ ಇದ್ದರೂ ನಡುವೆ ಇಪ್ಪತ್ತಕ್ಕೂ ಹೆಚ್ಚು ರಾತ್ರಿ ಸಿಗುತ್ತವೆ.

ಓದಿದ್ದನ್ನು ಓದುವುದಲ್ಲ, ನೆನೆಸಿಕೊಳ್ಳುವುದು

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೇಳುತ್ತೇನೆ. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಮ್ಮೆ ಓದಿದ ಮೇಲೆ ಅದನ್ನೇ ಮತ್ತೊಮ್ಮೆ ಓದುವುದು ಒಂದು ರೀತಿ. ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯುವುದು ಇನ್ನೊಂದು ರೀತಿ. ಐದು ನಿಮಿಷದ ನಂತರ ಕೇಳಿದರೆ ಎರಡು ಸಲ ಓದಿದವರೇ ಮುಂದು. ಆದರೆ ಒಂದು ವಾರದ ಮೇಲೆ ಕೇಳಿದಾಗ ಓದಿದವರಲ್ಲಿ ಉಳಿದದ್ದು ಶೇಕಡಾ 42, ಪುಸ್ತಕ ಮುಚ್ಚಿ ಬರೆದವರಲ್ಲಿ ಉಳಿದದ್ದು ಶೇಕಡಾ 56.

ಇದರಲ್ಲಿ ಎರಡು ಪಾಠಗಳಿವೆ. ನೆನಪನ್ನು ಹೊರಗೆ ಎಳೆಯುವ ಪ್ರಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ. ಎರಡನೆಯದು ಇನ್ನೂ ಮುಖ್ಯ. ಅದೇ ದಿನ ಅಳೆದರೆ ಅಳತೆ ಸುಳ್ಳು ಹೇಳುತ್ತದೆ. ಕಡಿಮೆ ಕಲಿತವನು ಆ ಹೊತ್ತಿಗೆ ಹೆಚ್ಚು ಕಲಿತವನ ಹಾಗೆ ಕಾಣುತ್ತಾನೆ. ನಮ್ಮ ತರಬೇತಿಗಳಲ್ಲಿ ಪರೀಕ್ಷೆ ಯಾವಾಗ ಇಡುತ್ತೇವೆ? ಕೊನೆಯ ದಿನ ಸಂಜೆ ನಾಲ್ಕಕ್ಕೆ. ರಾಶಿಯನ್ನು ಕಣದಲ್ಲಿ ಹಸಿಯಾಗಿರುವಾಗಲೇ ತೂಗಿದಂತೆ.

ವಯಸ್ಸಾಯಿತು ಎಂಬ ನೆಪ

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ಆ ಸೊಸೈಟಿಯ ಚೇರಮನ್ನರೂ ನನಗೆ ಹೇಳಿದರು. ಗಾದೆಗೆ ನನ್ನ ನಮಸ್ಕಾರ. ಆದರೆ ಮಿದುಳು ಒಣಗಿದ ಮರವಲ್ಲ.

ಲಂಡನ್ ನಗರದಲ್ಲಿ ಟ್ಯಾಕ್ಸಿ ಪರವಾನಿಗೆ ಬೇಕಾದರೆ ಸುಮಾರು 25,000 ಬೀದಿಗಳ ದಾರಿ ಬಾಯಿಪಾಠ ಇರಬೇಕು. ಮೂರು, ನಾಲ್ಕು ವರ್ಷ ಹಿಡಿಯುತ್ತದೆ. ಎಲಿನರ್ ಮ್ಯಾಗೈರ್ ಮತ್ತು ಸಂಗಡಿಗರು 79 ಜನ ಉಮೇದುವಾರರ ಮಿದುಳಿನ ಚಿತ್ರವನ್ನು ಕಲಿಕೆಯ ಮೊದಲು ತೆಗೆದರು, ವರ್ಷಗಳ ನಂತರ ಮತ್ತೆ ತೆಗೆದರು. ಪಾಸಾದವರು 39 ಜನ. ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದಾಗಿತ್ತು. ಪಾಸಾಗದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಈ ವರದಿ 2011ರಲ್ಲಿ ಬಂತು. ಅವರೆಲ್ಲ ಬೆಳೆದ ಮನುಷ್ಯರು, ಶಾಲೆಯ ಹುಡುಗರಲ್ಲ. ಲಂಡನ್ ದೂರವಾಯಿತೆಂದರೆ ನಮ್ಮ ಪಿಗ್ಮಿ ಏಜೆಂಟರನ್ನು ನೋಡ್ರಿ. ಯಾವ ಓಣಿಯ ಯಾವ ಮನೆ, ಯಾರು ದಿನಕ್ಕೆ ಎಷ್ಟು ಕಟ್ಟುತ್ತಾರೆ, ಯಾವ ಅಂಗಡಿ ಸೋಮವಾರ ಬಾಗಿಲು ಹಾಕಿರುತ್ತದೆ, ಎಲ್ಲ ತಲೆಯಲ್ಲಿಯೇ ಇರುತ್ತದೆ. ಆ ತಲೆಗೆ ಕಂಪ್ಯೂಟರ್ ಬಾರದು ಎನ್ನುವುದು ಯಾವ ನ್ಯಾಯ?

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. ಉತ್ತರ ಪ್ರದೇಶದ ಲಖನೌ ಹತ್ತಿರದ ಹಳ್ಳಿಗಳಲ್ಲಿ ಓದು ಬರಹ ಬಾರದವರಿಗೆ ಆರು ತಿಂಗಳು ದೇವನಾಗರಿ ಅಕ್ಷರ ಕಲಿಸಿ, ಮೊದಲು ಮತ್ತು ಆಮೇಲೆ ಮಿದುಳನ್ನು ಪರೀಕ್ಷಿಸಿದರು. ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಣ್ಣುಮಕ್ಕಳು. ಅಕ್ಷರ ಕಲಿತವರಲ್ಲಿ ಮಿದುಳಿನ ಮೇಲ್ಪದರದಲ್ಲಿ ಅಷ್ಟೇ ಅಲ್ಲ, ಆಳದ ಭಾಗಗಳ ಹೊಂದಾಣಿಕೆಯಲ್ಲಿಯೂ ಬದಲಾವಣೆ ಕಂಡಿತು ಎಂದು 2017ರಲ್ಲಿ ಪ್ರಕಟವಾಯಿತು. ಇಲ್ಲಿ ಕುಳಿತಿರುವ ಸ್ವಸಹಾಯ ಸಂಘದ ತಾಯಂದಿರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಯಸ್ಸಾದಂತೆ ಕಲಿಕೆ ನಿಧಾನವಾಗುತ್ತದೆ, ಇದು ನಿಜ. ನಿಂತುಹೋಗುತ್ತದೆ ಎನ್ನುವುದು ನಿಜವಲ್ಲ.

ಅಂಜಿಕೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ತೀರ ಹೆದರಿದಾಗ ದೇಹದಲ್ಲಿ ಹೊರಡುವ ರಸಗಳು ನೆನಪನ್ನು ಹೊರತೆಗೆಯಲು ಅಡ್ಡ ಬರುತ್ತವೆ. ನಾಲ್ಕು ಜನ ಡೈರೆಕ್ಟರರು ಬೆನ್ನ ಹಿಂದೆ ನಿಂತು "ಹೂಂ, ಮಾಡಿ ತೋರಸ್ರಿ ನೋಡೂಣು" ಅಂದರೆ, ಬರುವ ಕೆಲಸವೂ ಬಾರದಂತಾಗುತ್ತದೆ. ಆಗ ಅಳೆದದ್ದು ಕಲಿಕೆಯನ್ನಲ್ಲ, ಅಂಜಿಕೆಯನ್ನು.

ತಲೆಯ ಫೋಟೋ ತೆಗೆದು ಕಲಿಕೆ ಅಳೆಯಬಹುದೇ?

ಇಷ್ಟೆಲ್ಲ ಕೇಳಿದ ಮೇಲೆ ಒಬ್ಬ ತರುಣ ಸದಸ್ಯರು ಕೇಳಬಹುದು: ಹಾಗಾದರೆ ತರಬೇತಿ ಆದವರ ತಲೆಯ ಫೋಟೋ ತೆಗೆದು ಯಾರು ಕಲಿತರು, ಯಾರು ಕಲಿಯಲಿಲ್ಲ ಎಂದು ನೋಡಿಬಿಡಬಹುದಲ್ಲ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಹೆಸರು ಎಲ್ಲರೂ ಕೇಳಿದ್ದೀರಿ. ನಮ್ಮ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ತಲೆಗೆ ತಂತಿ ಹಚ್ಚಿ ವಿದ್ಯುತ್ತಿನ ಅಲೆ ನೋಡುವ ಇಇಜಿ ಯಂತ್ರ ಈಗ ಎಷ್ಟೋ ಊರುಗಳಲ್ಲಿದೆ. ಹಗುರವಾದ ಪಟ್ಟಿಯನ್ನು ಹಣೆಗೆ ಕಟ್ಟಿ ಕೆಲಸಗಾರನ ಗಮನ ಅಳೆಯುತ್ತೇವೆ ಎಂದು ಮಾರುವ ಕಂಪನಿಗಳೂ ಪರದೇಶದಲ್ಲಿ ಬಂದಿವೆ.

ಇಲ್ಲಿ ನಾವು ಬಹಳ ಎಚ್ಚರದಿಂದ ಇರಬೇಕು. ಮಿದುಳು ಕೆಲಸ ಮಾಡುವುದನ್ನು ತೋರಿಸುವ ದೊಡ್ಡ ಯಂತ್ರ ವಿಚಾರವನ್ನು ನೋಡುವುದಿಲ್ಲ. ಎಲ್ಲಿ ರಕ್ತದ ಆಮ್ಲಜನಕ ಹೆಚ್ಚುಕಡಿಮೆ ಆಯಿತು ಎಂಬುದನ್ನು ನೋಡುತ್ತದೆ. ಅದರ ಚಿತ್ರದ ಒಂದು ಚಿಕ್ಕ ಚುಕ್ಕೆಯೊಳಗೆ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಲಂಡನ್ನಿನ ಲೆಕ್ಕ ಒಂದು ಗುಂಪಿನ ಸರಾಸರಿ ಲೆಕ್ಕ. ಅದನ್ನು ಹಿಡಿದು ಒಬ್ಬ ಮನುಷ್ಯನ ಬಗ್ಗೆ 'ಇವನಿಗೆ ಲೆಕ್ಕ ಬಂತು, ಇವನಿಗೆ ಬರಲಿಲ್ಲ' ಎಂದು ಹೇಳಲು ಬರುವುದಿಲ್ಲ. ತಾಲೂಕಿನ ಸರಾಸರಿ ಮಳೆ ಗೊತ್ತಿದ್ದರೆ ನಿಮ್ಮ ಹೊಲದ ಹಸಿ ಎಷ್ಟು ಎಂಬುದು ಗೊತ್ತಾಗುತ್ತದೆಯೇ?

2008ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮೋಜಿನ ಸಂಗತಿ ಪ್ರಕಟಿಸಿದರು. ಪೊಳ್ಳು ವಿವರಣೆಗೆ ಸಂಬಂಧವಿಲ್ಲದ ಮಿದುಳಿನ ಮಾತು ನಾಲ್ಕು ಸೇರಿಸಿದರೆ ಸಾಮಾನ್ಯ ಜನ ಅದನ್ನು ಹೆಚ್ಚು ನಂಬುತ್ತಾರಂತೆ. ಆದ್ದರಿಂದ ನನ್ನ ಭಾಷಣವನ್ನೂ ನೀವು ಜಾಲಾಡಿಯೇ ತೆಗೆದುಕೊಳ್ಳಬೇಕು!

ಇನ್ನೊಂದು ಮಾತು ಹಕ್ಕಿನದು. ಮಿದುಳಿನ ಪರೀಕ್ಷೆಯ ವಿಚಾರ ನಮ್ಮ ರಾಜ್ಯದ ಹೆಸರಿನಲ್ಲಿಯೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ಅಲೆಗಳ ಪರೀಕ್ಷೆ, ಇವುಗಳನ್ನು ಯಾರ ಮೇಲೂ ಒತ್ತಾಯದಿಂದ ಮಾಡಕೂಡದು ಎಂದು 2010ರ ಮೇ ತಿಂಗಳಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದು ಅಪರಾಧ ತನಿಖೆಗೆ ಸಂಬಂಧಿಸಿದ ತೀರ್ಪು. ಆದರೆ ಆರೋಪಿಯ ತಲೆಗೇ ಅವನ ಒಪ್ಪಿಗೆಯಿಲ್ಲದೆ ಕೈ ಹಚ್ಚಬಾರದು ಎಂದ ಮೇಲೆ, ದುಡಿಯಲು ಬಂದ ಸಿಬ್ಬಂದಿಯ ತಲೆಗೆ ಯಂತ್ರ ಹಚ್ಚಿ ನೌಕರಿಯ ನಿರ್ಣಯ ಮಾಡುವುದು ನಮ್ಮ ಸಹಕಾರ ತತ್ವಕ್ಕೆ ಹೊಂದುತ್ತದೆಯೇ? ನನಗಂತೂ ಹೊಂದುವುದಿಲ್ಲ ಎನಿಸುತ್ತದೆ. ಹೇಗೆ ಕಲಿಸಬೇಕು, ಯಾವಾಗ ಅಳೆಯಬೇಕು ಎಂಬುದನ್ನು ಮಿದುಳಿನ ವಿಜ್ಞಾನ ತಿಳಿಸಲಿ. ಅಳತೆ ಮಾತ್ರ ಮೇಜಿನ ಮೇಲೆ, ಕೆಲಸದಲ್ಲಿ ಆಗಲಿ.

ಅಳತೆ ಹೇಗೆ?

1959ರಲ್ಲಿ ಅಮೆರಿಕದ ಕರ್ಕ್‌ಪ್ಯಾಟ್ರಿಕ್ ಎಂಬ ಪ್ರಾಧ್ಯಾಪಕರು ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲಾಗಿ ನೋಡಲು ಹೇಳಿದರು. ಬಂದವರಿಗೆ ಹಿಡಿಸಿತೇ, ಏನು ಕಲಿತರು, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರೆಯೇ, ಅದರಿಂದ ಸಂಸ್ಥೆಗೆ ಏನು ಫಲ ಬಂತು. ನಾನು ಆಗ ಮೊದಲನೆಯ ಮೆಟ್ಟಿಲ ಮೇಲೆ ನಿಂತು ನಾಲ್ಕನೆಯದನ್ನು ಹತ್ತಿದೆನೆಂದು ವರದಿ ಬರೆದಿದ್ದೆ. ಹುಗ್ಗಿ ಚೆನ್ನಾಗಿತ್ತು, ಅದಕ್ಕೆ 'ಅತ್ಯುತ್ತಮ' ಬಂದಿರಲೂಬಹುದು.

ಒಂದು ಉದಾಹರಣೆ ಹಿಡಿಯೋಣ. ಸದಸ್ಯರೊಬ್ಬರು 50,000 ರೂಪಾಯಿ ಸಾಲ ತೆಗೆದಿದ್ದಾರೆ. ಬಡ್ಡಿ ವರ್ಷಕ್ಕೆ ಶೇಕಡಾ 12. 73 ದಿನಕ್ಕೆ ಬಡ್ಡಿ ಎಷ್ಟು? ತರಬೇತಿಯಲ್ಲಿ ಸೂತ್ರ ಹೇಳಿಕೊಟ್ಟ ದಿನ ಎಲ್ಲರೂ 1,200 ಎಂದು ತೆಗೆಯುತ್ತಾರೆ. ಒಂದು ತಿಂಗಳು ಬಿಟ್ಟು, ಪುಸ್ತಕ ನೋಡದೆ, ಸ್ವಲ್ಪ ಬದಲಿಸಿ ಕೇಳಿರಿ. ಆ 73ನೆಯ ದಿನ ಸದಸ್ಯರು ಬಡ್ಡಿಯನ್ನೂ ಅಸಲಿನಲ್ಲಿ 20,000 ರೂಪಾಯಿಯನ್ನೂ ಕಟ್ಟಿದರು. ಮುಂದೆ 146 ದಿನಕ್ಕೆ ಬಡ್ಡಿ ಎಷ್ಟು? ತಿಳಿದು ಕಲಿತವರು ಉಳಿದ 30,000ಕ್ಕೆ ಲೆಕ್ಕ ಹಾಕಿ 1,440 ಎನ್ನುತ್ತಾರೆ. ಬಾಯಿಪಾಠ ಮಾಡಿದವರು ಹಳೆಯ 50,000ಕ್ಕೇ ಹಾಕಿ 2,400 ಎನ್ನುತ್ತಾರೆ. ಅಂತರ 960 ರೂಪಾಯಿ. ಈ 960 ರೂಪಾಯಿ ಯಾರ ಕಿಸೆಯಿಂದ ಹೋಗುತ್ತದೆ? ಇಲ್ಲಿ ಕುಳಿತಿರುವ ರೈತನ ಕಿಸೆಯಿಂದ. ಕಂಪ್ಯೂಟರ್ ತಾನೇ ಲೆಕ್ಕ ಹಾಕುತ್ತದಲ್ಲ ಅಂತೀರಿ. ಹಾಕುತ್ತದೆ. ಆದರೆ ಕಟ್ಟಿದ 20,000ವನ್ನು ಅಸಲಿಗೆ ಜಮಾ ಮಾಡಬೇಕಾದ ಕೈ ಮನುಷ್ಯನದೇ.

ಆದ್ದರಿಂದ ಪ್ರತಿ ಸಂಘವೂ ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕಲಿಕೆಯ ದಾಖಲೆ ಇಡಬಹುದು. ಕೆಲಸದ ಹೆಸರು, ತರಬೇತಿ ಆದ ದಿನಾಂಕ, ಏಳು ದಿನದ ಮೇಲೆ ಒಬ್ಬರೇ ಮಾಡಿದರೇ, ಮೂವತ್ತು ದಿನದ ಮೇಲೆ ಮಾಡಿದರೇ, ತೊಂಬತ್ತು ದಿನದ ಮೇಲೆ ಬದಲಿಸಿ ಕೊಟ್ಟ ಲೆಕ್ಕ ಬಂತೇ. ಬಾರದಿದ್ದರೆ ಎಲ್ಲಿ ತಡೆಯಿತು ಎಂದು ಒಂದು ಸಾಲು. ದಾಖಲೆಯನ್ನು ಸಿಬ್ಬಂದಿಯವರೇ ಬರೆಯಲಿ, ಹಿರಿಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕುಳಿತು ನೋಡಲಿ. ಇದಕ್ಕೆ ಖರ್ಚು ಒಂದು ನೋಟುಬುಕ್ಕಿನದು ಮಾತ್ರ.

ಆ ಘಟನೆಯ ನಂತರ ನಾನು ತರಬೇತಿಯನ್ನು ಹೀಗೆಯೇ ಮಾಡುತ್ತ ಬಂದೆ. ವಾರಕ್ಕೆ ಅರ್ಧ ದಿನ, ಕೀಲಿಮಣೆ ಅವರ ಕೈಯಲ್ಲಿ, ನನ್ನ ಕೈ ಬೆನ್ನ ಹಿಂದೆ. ಪ್ರತಿ ಸಲ ಮೊದಲ ಕಾಲು ತಾಸು ಹಿಂದಿನ ವಾರದ್ದನ್ನು ಪುಸ್ತಕ ಮುಚ್ಚಿ ಮಾಡುವುದು. ಎಲ್ಲರೂ ಕಲಿತರು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆದರೆ ಯಾರಿಗೆ ಎಲ್ಲಿ ತಡೆಯುತ್ತದೆ ಎಂಬುದು ಎರಡನೆಯ ವಾರವೇ ಗೊತ್ತಾಗತೊಡಗಿತು. ಮೊದಲು ಅದು ಗೊತ್ತಾಗುತ್ತಿದ್ದುದು ಠರಾವು ಆದ ಮೇಲೆ.

ಆಡಳಿತ ಮಂಡಳಿಗೆ ವಿನಂತಿ

ಕೊನೆಗೆ ಮಂಡಳಿಯವರಲ್ಲಿ ಕೈಜೋಡಿಸಿ ಮೂರು ಮಾತು. ಒಂದು, ಎರಡು ದಿನಕ್ಕೆ ಕಳಿಸಿ ಕೈತೊಳೆದುಕೊಳ್ಳಬೇಡಿ. ತಿರುಗಿ ಬಂದ ಮರುದಿನವೇ ಆ ಕೆಲಸವನ್ನು ಅವರ ಕೈಗೆ ಕೊಡಿ, ದಿನಾಲೂ ಒಂದಿಷ್ಟು ಹೊತ್ತು ಬಿಡುವು ಮಾಡಿಕೊಡಿ. ಎರಡು, ತಪ್ಪು ಮಾಡಲು ಜಾಗ ಕೊಡಿ. ಒಂದು ತಿಂಗಳು ಹಳೆಯ ಕಿರ್ದಿಯೂ ಹೊಸ ಯಂತ್ರವೂ ಜೊತೆಗೆ ನಡೆಯಲಿ, ಸಂಜೆ ಎರಡರ ಶಿಲ್ಕು ತಾಳೆ ನೋಡಲಿ. ಮೂರು, ಯಾರ ಬಗ್ಗೆಯಾದರೂ 'ಕಲಿಯಲಿಲ್ಲ' ಎಂದು ಠರಾವು ಬರೆಯುವ ಮೊದಲು ಆ ನೋಟುಬುಕ್ಕು ತರಿಸಿ ನೋಡಿ. ಅದರಲ್ಲಿ ಏಳು, ಮೂವತ್ತು, ತೊಂಬತ್ತರ ಮನೆಗಳು ಖಾಲಿ ಇದ್ದರೆ, ಕಲಿಯದವರು ಅವರಲ್ಲ, ಕಲಿಸದವರು ನಾವು.

ಚಹಾದ ಹೊತ್ತಿನಲ್ಲಿ ಕೇಳಿದ ಹಿರಿಯರಿಗೆ ಈಗ ಉತ್ತರ ಹೇಳುತ್ತೇನೆ. ಅಜ್ಜಾರ, ಸೊಸೈಟಿಗೂ ಮಿದುಳಿಗೂ ಸಂಬಂಧ ಐತ್ರಿ. ಸೊಸೈಟಿಯ ತಿಜೋರಿಯಲ್ಲಿ ನಿಮ್ಮ ರೊಕ್ಕ ಇದೆ. ಅದರ ಲೆಕ್ಕ ಒಬ್ಬ ಮನುಷ್ಯನ ತಲೆ ಮತ್ತು ಕೈಯಲ್ಲಿದೆ. ತಿಜೋರಿಯನ್ನು ದಿನಾ ಸಂಜೆ ಎಣಿಸುತ್ತೇವೆ. ಆ ಮನುಷ್ಯ ಕಲಿತದ್ದನ್ನು ವರ್ಷಕ್ಕೆ ನಾಲ್ಕು ಸಲವಾದರೂ, ಅವನ ಮರ್ಯಾದೆಗೆ ಕುಂದು ಬಾರದಂತೆ, ಎಣಿಸಿ ನೋಡುವುದು ಬೇಡವೇ?

ಗೋದಾಮಿನಲ್ಲಿ ಚೀಲ ಎಣಿಸುತ್ತಿದ್ದ ಆ ಕಾರ್ಯದರ್ಶಿಗಳಿಗೆ ನಾನು ಕೊಟ್ಟದ್ದು ಒಂದು ಕಾಗದ. ಕೊಡಬೇಕಾಗಿದ್ದುದು ಇನ್ನಷ್ಟು ದಿನ. ಈ ಸಂಘ ಐವತ್ತರ ಸಂಭ್ರಮ ಆಚರಿಸುವಾಗ ಇಲ್ಲಿಯ ಯಾವ ಸಿಬ್ಬಂದಿಯೂ ಅಂಥ ಮಾತು ಹೇಳುವ ಪ್ರಸಂಗ ಬಾರದಿರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ. ಜೈ ಕರ್ನಾಟಕ.